ಪಿಂಡಬೆಳವಣಿಗೆಯ ಶೋಧನೆಯಲ್ಲಿ ಪ್ರತಿಕಾಯದ ಸಾಕ್ಷ್ಯ

ಪಿಂಡದ ಜೀವಕೋಶಗಳೆಲ್ಲವೂ ಒಂದೇ ಅಂಡದಿಂದ ಹುಟ್ಟಿದವು. ಅವುಗಳಲ್ಲಿ ಅಡಗಿರತಕ್ಕ ಆನುವಂಶಿಕ ಬರಹವೂ ಒಂದೇ. ಹೀಗಿರಲು ಒಂದು ಕೋಶವು ನರವಾಗಿಯೂ ಮತ್ತೊಂದು ಚರ್ಮವಾಗಿಯೂ ಪರಿಣಮಿಸುವುದು ಹೇಗೆ? ಆ ಬರಹದ ಯಾವ ಭಾಗವು ಎಲ್ಲಿ, ಯಾವಾಗ ಪ್ರತಿಲೇಖನಗೊಳ್ಳಬೇಕೆಂಬುದನ್ನು ಕೆಲವು ಪ್ರೋಟೀನುಗಳು ನಿರ್ಣಯಿಸುತ್ತವೆ. ಇವು ಕೋಶಕೇಂದ್ರದಲ್ಲಿದ್ದು ಡಿ.ಎನ್.ಎ.ಯನ್ನು ಹಿಡಿದು ಕೆಲಸಮಾಡುವುವು. ಹಣ್ಣಿನ ನೊಣದಲ್ಲಿ ದೇಹಖಂಡಗಳ ರಚನೆಗೆ ಕಾರಣವಾದ 'ಎನ್‌ಗ್ರೇಲ್ಡ್' ಎಂಬುದು ಇಂಥ ಪ್ರತಿಲೇಖನಕಾರಕಗಳಲ್ಲೊಂದು.

ಕಣ್ಣಿಗೆ ಕಾಣದ ಈ ಪ್ರೋಟೀನನ್ನು ಕಾಣಿಸತಕ್ಕ ಸಾಧನವೇ ಮಾನೋಕ್ಲೋನಲ್ ಪ್ರತಿಕಾಯ, ಎಂದರೆ ಏಕಕುಲ ಪ್ರತಿಕಾಯ. ಇದನ್ನು ಪಡೆಯುವ ಕ್ರಮವನ್ನು 1975ರಲ್ಲಿ ಕೇಂಬ್ರಿಜ್ಜಿನಲ್ಲಿ ಕೋಹ್ಲರ್ ಮತ್ತು ಮಿಲ್‌ಸ್ಟೈನ್ ಎಂಬವರು ಪ್ರಕಟಪಡಿಸಿದರು. ಇಲಿಯ ಪ್ರತಿಕಾಯಜನಕ ಕೋಶವನ್ನು ಕೊನೆಯಿಲ್ಲದೆ ವಿಭಾಗವಾಗುವ ಅರ್ಬುದಕೋಶದೊಡನೆ ಬೆಸೆದರೆ, ಅದರ ಸಂತತಿಯೆಲ್ಲವೂ ಒಂದೇ ಬಗೆಯ ಪ್ರತಿಕಾಯವನ್ನು ಉತ್ಪಾದಿಸುತ್ತಿರುವುದು. ಅದು ಪ್ರೋಟೀನಿನ ಒಂದು ಸಣ್ಣ ಭಾಗವನ್ನು ಮಾತ್ರ ಗುರುತಿಸುವುದು. ಪಿಂಡದಲ್ಲಿ ಅದು ಅಂಟಿಕೊಂಡ ಸ್ಥಳವನ್ನು ಬಣ್ಣ ಹುಟ್ಟಿಸುವ ಕಿಣ್ವದ ಸಹಾಯದಿಂದ ಸೂಕ್ಷ್ಮದರ್ಶಕದಲ್ಲಿ ನೋಡಬಹುದು.

1989ರಲ್ಲಿ ನಿಪಮ್ ಪಟೇಲ್ ಮೊದಲಾದವರು '4ಡಿ9' ಎಂಬ ಪ್ರತಿಕಾಯದಿಂದ ಅನೇಕ ಪ್ರಾಣಿಗಳ ಪಿಂಡಗಳನ್ನು ಪರೀಕ್ಷಿಸಿದರು. ಅದು ಗುರುತಿಸುವ ಭಾಗವು ವಿಕಾಸದಲ್ಲಿ ಹೆಚ್ಚಾಗಿ ಮಾರ್ಪಡದೆ ಉಳಿದುದರಿಂದ ಇದು ಸಾಧ್ಯವಾಯಿತು. ನೊಣ, ಮಿಡತೆ, ಕಠಿಣಚರ್ಮಿಗಳು ಈ ಮೂರರಲ್ಲಿಯೂ ಪ್ರತಿ ಖಂಡದ ಹಿಂಭಾಗದಲ್ಲಿ ಬಣ್ಣದ ಪಟ್ಟೆಯೂ, ಮುಂದೆ ಕೆಲವು ನರಕೋಶಗಳಲ್ಲಿ ಬಣ್ಣವೂ ಕಂಡುಬಂದವು. ಅವರು ನೋಡಿದ ವಲಯವಂತ ಹುಳುಗಳಲ್ಲಿಯೂ ಕಶೇರುಕಗಳಲ್ಲಿಯೂ ಅಂಥ ಪಟ್ಟೆಗಳಿರಲಿಲ್ಲ. ಆದುದರಿಂದ ಈ ಜೀನಿನ ಮೂಲಕಾರ್ಯ ನರರಚನೆಯೆಂದೂ, ಖಂಡರಚನೆಗೆ ಅದು ಸಂಧಿಪದಿಗಳಲ್ಲಿ ಅನಂತರ ನಿಯೋಜಿತವಾಯಿತೆಂದೂ ಅವರು ಊಹಿಸಿದರು.

ಭಾಷಾಶಾಸ್ತ್ರವನ್ನು ಬಲ್ಲವರಿಗೆ ಈ ತರ್ಕವು ಹೊಸದಲ್ಲ. 'ಅವಸರ' ಶಬ್ದಕ್ಕೆ ಸಂಸ್ಕೃತದಲ್ಲಿ ಸಂದರ್ಭವೆಂದೂ, ಕನ್ನಡದಲ್ಲಿ ತ್ವರೆಯೆಂದೂ, ತೆಲುಗಿನಲ್ಲಿ ಅಗತ್ಯವೆಂದೂ ಅರ್ಥ. ರೂಪಸಾಮ್ಯದಿಂದ ಅರ್ಥಸಾಮ್ಯ ಸಿದ್ಧಿಸದು, ಪ್ರಯೋಗವನ್ನೇ ನೋಡಬೇಕು.

ಆದರೆ ಸಾಕ್ಷ್ಯಕ್ಕೂ ಮಿತಿಯುಂಟು. ಈ ಪ್ರತಿಕಾಯವು ನೊಣದಲ್ಲಿ ಎನ್‌ಗ್ರೇಲ್ಡನ್ನಲ್ಲದೆ ಅದರ ಜ್ಞಾತಿಯಾದ 'ಇನ್‌ವೆಕ್ಟೆಡ್' ಪ್ರೋಟೀನನ್ನೂ ಹಿಡಿಯುವುದು. ಬಣ್ಣವು ಇರವನ್ನು ತೋರಿಸುವುದೇ ಹೊರತು ಕಾರ್ಯವನ್ನಲ್ಲ. ಕಾರ್ಯವನ್ನು ತಿಳಿಯಲು ಆ ಜೀನು ಕೆಟ್ಟ ಪಿಂಡಗಳನ್ನು ಪರೀಕ್ಷಿಸಬೇಕು. ಇದಲ್ಲದೆ, 2003ರಲ್ಲಿ ಪ್ರಕಟವಾದ ಶೋಧನೆಯೊಂದರಲ್ಲಿ ಪ್ಲಾಟಿನೆರಿಸ್ ಎಂಬ ಕಡಲಿನ ವಲಯವಂತ ಹುಳುವಿನಲ್ಲಿ ಸಂಧಿಪದಿಗಳಂತೆಯೇ ಪಟ್ಟೆಗಳು ದೊರೆತವು. ಹೀಗೆ 1989ರ ದರ್ಶನವು ನಿಂತಿದ್ದರೂ ಅದರಿಂದ ಹೊರಟ ಅನುಮಾನವು ಮರುವಿಚಾರಕ್ಕೆ ಒಳಗಾಯಿತು. ಕಂಡುದನ್ನೂ ಊಹಿಸಿದುದನ್ನೂ ಬೇರೆಬೇರೆಯಾಗಿ ಇಡುವುದು ಎಲ್ಲ ಸಂಶೋಧನೆಗೂ ಆವಶ್ಯಕವಾದ ಶಿಸ್ತು.