ಎಷ್ಟು ಭಾಷೆ ಬಲ್ಲೆ?

ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಕೊಪ್ಪಳವನ್ನೂ ಹೆಸರಿಸುತ್ತದೆ. ಅದೇ ಊರಿನ ಗವಿಮಠ, ಪಾಲ್ಕಿಗುಂಡುಗಳ ಬಂಡೆಗಳ ಮೇಲಿರುವ ಅಶೋಕನ ಶಾಸನಗಳಾದರೋ ಪ್ರಾಕೃತದಲ್ಲಿವೆ. ತನ್ನೂರಿನ ಕಲ್ಲನ್ನು ಓದುವುದಕ್ಕೂ ಇನ್ನೊಂದು ನುಡಿಯನ್ನು ಕಲಿಯಬೇಕಾಯಿತಲ್ಲವೆ?

ಇಂದು ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ವಿದ್ಯಾರ್ಥಿಗಳ ಮುಂದೆ ಬೇರೊಂದು ಬಗೆಯ ಭಾಷೆಗಳಿವೆ: ಕಂಪ್ಯೂಟರಿಗೆ ಆಜ್ಞೆಯೀಯುವ ಪ್ರೋಗ್ರಾಮಿಂಗ್ ಭಾಷೆಗಳು. ಹತ್ತನ್ನು ಕಲಿಯುವೆನೆಂಬ ಸಂಕಲ್ಪ ಮೆಚ್ಚತಕ್ಕದ್ದೇ. ಆದರೆ ಯಾವ ಹತ್ತು?

1972ರ ಸುಮಾರಿಗೆ ಡೆನಿಸ್ ರಿಚಿ ರೂಪಿಸಿದ ‘ಸಿ’ ಭಾಷೆಯು ಯಂತ್ರದ ಸ್ಮೃತಿಯನ್ನು ನೇರವಾಗಿ ನಿರ್ವಹಿಸಲು ಕಲಿಸುತ್ತದೆ. ಅದನ್ನು ಬಲ್ಲವನಿಗೆ ‘ಜಾವಾ’ದ ಬರವಣಿಗೆ ಬಹುಮಟ್ಟಿಗೆ ಪರಿಚಿತವೇ. ‘ಪ್ರೊಲಾಗ್’ ಹಾಗಲ್ಲ; ಅಲ್ಲಿ ಸಂಗತಿಗಳನ್ನೂ ನಿಯಮಗಳನ್ನೂ ತಿಳಿಸಿದರೆ ಉತ್ತರವನ್ನು ಯಂತ್ರವೇ ಅರಸುತ್ತದೆ. ‘ಸಿ’ಯ ಪಂಡಿತನೂ ಅದರ ಮುಂದೆ ಮತ್ತೆ ಮೊದಲ ಪಾಠಕ್ಕೆ ಕೂಡಬೇಕು. ಆಲೋಚನೆಯ ಹೊಸ ದಾರಿ ತೆರೆಯುವುದು ಅಲ್ಲಿಯೇ.

ಓದಿನ ನಡುವೆ ಮಕ್ಕಳಿಗೆ ದೊರೆಯುವ ಬಿಡುವು ಅಲ್ಪ. ಪ್ರತಿ ತರಗತಿಗೂ ಹಣ ತೆರುವವರು ತಂದೆತಾಯಿಗಳು. ಆದುದರಿಂದ ಮೊದಲು ಒಂದು ಭಾಷೆ ಆಳವಾಗಿ ಕೈಗೂಡಲಿ. ಭತ್ತದ ಅಂಗಡಿಯ ಜಮಾಖರ್ಚಿನಂಥ ಒಂದು ಕೆಲಸವನ್ನು ಅದರಲ್ಲಿ ಮಾಡಿ ಮುಗಿಸಿ, ಅದನ್ನೇ ಎರಡನೆಯದರಲ್ಲಿ ಮಾಡಿ ನೋಡಲಿ. ವ್ಯತ್ಯಾಸ ತಾನಾಗಿಯೇ ಹೊಳೆಯುವುದು. ಮನೆಯ ಹಿರಿಯರೂ “ಎಷ್ಟು ಭಾಷೆ ಬಂದವು?” ಎನ್ನುವುದನ್ನು ಬಿಟ್ಟು, “ಅವುಗಳಿಂದ ಏನು ಮಾಡಿದೆ?” ಎಂದು ಕೇಳುವುದು ಲೇಸು.