ಜಠರ ತೆಗೆದ ಮೇಲಿನ ಊಟ

ಜಠರದ ಕ್ಯಾನ್ಸರಿನಲ್ಲಿ ಗಡ್ಡೆಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದ ಬಳಿಕವೂ ಕಣ್ಣಿಗೆ ಕಾಣದ ರೋಗಕೋಶಗಳು ದೇಹದಲ್ಲಿ ಉಳಿದಿರಬಹುದಾದ್ದರಿಂದ, ಅವನ್ನು ನಾಶಪಡಿಸಲು ಹಲವು ತಿಂಗಳು ಕೀಮೋಥೆರಪಿ ನೀಡುತ್ತಾರೆ. ಜಪಾನಿನಲ್ಲಿ ನಡೆದು 2007ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ಶಸ್ತ್ರಚಿಕಿತ್ಸೆಯ ನಂತರ ಒಂದು ವರ್ಷದ ಮಟ್ಟಿಗೆ ಎಸ್-1 ಎಂಬ ಔಷಧವನ್ನು ಕೊಟ್ಟ ಗುಂಪಿನಲ್ಲಿ ಶೇ. 80ರಷ್ಟು ಜನ ಮೂರು ವರ್ಷಗಳ ಬಳಿಕವೂ ಬದುಕಿದ್ದರೆ, ಬರೀ ಶಸ್ತ್ರಚಿಕಿತ್ಸೆಯಾದವರಲ್ಲಿ ಆ ಪ್ರಮಾಣ ಶೇ. 70ರಷ್ಟಿತ್ತು. ಆದರೆ ಔಷಧವನ್ನು ವರ್ಷಪೂರ್ತಿ ತೆಗೆದುಕೊಳ್ಳಲು ಸಾಧ್ಯವಾದದ್ದು ಸುಮಾರು ಮೂರರಲ್ಲಿ ಎರಡು ಪಾಲು ಜನರಿಗೆ ಮಾತ್ರ. ದೇಹತೂಕದಲ್ಲಿ ಶೇ. 15 ಅಥವಾ ಅದಕ್ಕಿಂತ ಹೆಚ್ಚು ಇಳಿದವರು ಈ ಔಷಧವನ್ನು ನಡುವೆಯೇ ನಿಲ್ಲಿಸುವ ಸಂಭವ ಹೆಚ್ಚೆಂದು ಜಪಾನಿನ ವೈದ್ಯರು 2013ರಲ್ಲಿ ತೋರಿಸಿಕೊಟ್ಟರು. ಆದುದರಿಂದ ಈ ರೋಗಿಗಳ ಊಟವನ್ನು ಚಿಕಿತ್ಸೆಯ ಹೊರಗಿನ ಸಂಗತಿಯೆಂದು ಮನೆಯವರ ಪಾಲಿಗೆ ಬಿಟ್ಟುಬಿಡುವುದು ತಪ್ಪು.

ತೂಕ ಇಳಿಯುವುದಕ್ಕೆ ರೋಗಿಯ ಹಟವಾಗಲಿ ಬೇಸರವಾಗಲಿ ಮುಖ್ಯ ಕಾರಣವಲ್ಲ. ಹಸಿವನ್ನು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನು (ಇದನ್ನು 1999ರಲ್ಲಿ ಪತ್ತೆಹಚ್ಚಿದವರೂ ಜಪಾನಿನ ವಿಜ್ಞಾನಿಗಳೇ) ಹೆಚ್ಚಾಗಿ ತಯಾರಾಗುವುದು ಜಠರದ ಮೇಲ್ಭಾಗದಲ್ಲಿ. ಜಠರವನ್ನು ಪೂರ್ತಿ ತೆಗೆದಾಗ ಅದರ ಮಟ್ಟ ಕುಸಿದು ಹಸಿವೇ ತೋರದಂತಾಗುತ್ತದೆ. ಹೀಗಾಗಿ ಹಸಿವಾದಾಗ ಊಟ ಮಾಡಲಿ ಎಂದು ಕಾಯದೆ, ದಿನಕ್ಕೆ ಆರರಿಂದ ಎಂಟು ಬಾರಿ ಗಡಿಯಾರ ನೋಡಿ ಸ್ವಲ್ಪ ಸ್ವಲ್ಪವೇ ಉಣ್ಣಿಸಬೇಕಾಗುತ್ತದೆ. ಜೊತೆಗೆ, ಆಹಾರವನ್ನು ತಡೆದಿಟ್ಟು ನಿಧಾನವಾಗಿ ಕೆಳಗೆ ಬಿಡುವ ಅಂಗವೇ ಇಲ್ಲದ್ದರಿಂದ ಸಿಹಿ ಪದಾರ್ಥ ಒಮ್ಮೆಲೇ ಸಣ್ಣಕರುಳಿಗೆ ಇಳಿದು, ರಕ್ತದಿಂದ ನೀರನ್ನು ಸೆಳೆದುಕೊಂಡು, ಅರ್ಧ ಗಂಟೆಯೊಳಗೆ ಎದೆಬಡಿತ, ಬೆವರು, ತಲೆಸುತ್ತು, ಭೇದಿಗಳನ್ನು ತರುತ್ತದೆ; ಇದಕ್ಕೆ ಡಂಪಿಂಗ್ ಎಂದು ಹೆಸರು. ಒಂದೆರಡು ಗಂಟೆ ಕಳೆದ ಮೇಲೆ ಇನ್ಸುಲಿನ್ ಅತಿಯಾಗಿ ಸ್ರವಿಸಿ ರಕ್ತದ ಸಕ್ಕರೆ ಕುಸಿಯುವುದೂ ಉಂಟು. ಊಟದ ಜೊತೆಗೆ ನೀರು ಕುಡಿಯದೆ ಅರ್ಧ ಗಂಟೆ ಬಿಟ್ಟು ಕುಡಿಯುವುದು ಡಂಪಿಂಗ್ ತಗ್ಗಿಸಲು ಸರಳವಾದ ಉಪಾಯ.

ಇದರ ಮೇಲೆ ಕೀಮೋಥೆರಪಿಯೂ ಸೇರಿದಾಗ ಬಾಯಿ ಹುಣ್ಣಾಗುತ್ತದೆ, ರುಚಿ ಕೆಡುತ್ತದೆ, ವಾಕರಿಕೆ ಬರುತ್ತದೆ. ಆಕ್ಸಾಲಿಪ್ಲಾಟಿನ್ ಎಂಬ ಕೀಮೋಥೆರಪಿ ಔಷಧ ಪಡೆದ ಮೇಲೆ ಕೆಲವು ದಿನ ತಣ್ಣನೆಯ ನೀರು ಕುಡಿದರೂ ಗಂಟಲು ಬಿಗಿದಂತಾಗುವುದರಿಂದ ಎಲ್ಲವನ್ನೂ ಬೆಚ್ಚಗೆ ಕೊಡಬೇಕು. ತೂಕದೊಂದಿಗೆ ಸ್ನಾಯುವೂ ಕರಗುತ್ತದೆ ಎಂಬುದು ಇನ್ನೂ ಗಂಭೀರವಾದ ಸಂಗತಿ, ಏಕೆಂದರೆ ಔಷಧದ ಪ್ರಮಾಣವನ್ನು ಎತ್ತರ ಮತ್ತು ತೂಕದಿಂದ ಲೆಕ್ಕಹಾಕುತ್ತಾರೆಯೇ ಹೊರತು ಸ್ನಾಯುವನ್ನು ಅಳೆದಲ್ಲ, ಸ್ನಾಯು ಕಡಿಮೆಯಿದ್ದವರಲ್ಲಿ ಔಷಧದ ಅಡ್ಡಪರಿಣಾಮಗಳು ಹೆಚ್ಚಾಗಿ ಕಂಡುಬರುತ್ತವೆ.

ಯುರೋಪಿನ ಪೋಷಣಾ ತಜ್ಞರ ಮಾರ್ಗಸೂಚಿಯಂತೆ ಕ್ಯಾನ್ಸರ್ ರೋಗಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 25ರಿಂದ 30 ಕಿಲೋಕ್ಯಾಲರಿ ಶಕ್ತಿಯೂ 1ರಿಂದ 1.5 ಗ್ರಾಂ ಪ್ರೋಟೀನೂ ಬೇಕು, ಅಂದರೆ 50 ಕಿಲೋ ತೂಗುವವರಿಗೆ 50ರಿಂದ 75 ಗ್ರಾಂ ಪ್ರೋಟೀನು. ಪಥ್ಯದ ಹೆಸರಿನಲ್ಲಿ ವಾರಗಟ್ಟಲೆ ಕೊಡುವ ತಿಳಿಗಂಜಿಯಿಂದ ಇದು ಎಂದಿಗೂ ಸಿಗದು. 30 ಗ್ರಾಂ ಅಕ್ಕಿಯ ಗಂಜಿಯಲ್ಲಿ ಇರುವುದು ಸುಮಾರು 2 ಗ್ರಾಂ, ಒಂದು ಮೊಟ್ಟೆಯಲ್ಲಿ 6 ಗ್ರಾಂ. ಚೆನ್ನಾಗಿ ಬೇಯಿಸಿದ ಮೊಟ್ಟೆ, ಮೀನು, ಗಟ್ಟಿ ತೊವ್ವೆ, ಪನೀರುಗಳಿಗೆ ಇಲ್ಲಿ ಮೊದಲ ಸ್ಥಾನ ಸಲ್ಲಬೇಕು. ಮುದ್ದೆಯನ್ನು ಅಗಿಯದೆ ನುಂಗುವ ರೂಢಿ ಜಠರ ಕಳೆದುಕೊಂಡವರಿಗೆ ಒಗ್ಗುವುದಿಲ್ಲ. ಹಾಗೆಂದು ಬೆಲ್ಲ ಹಾಕಿದ ರಾಗಿ ಮಾಲ್ಟ್ ಕೊಟ್ಟರೆ ಡಂಪಿಂಗ್ ಆಗಬಹುದಾದ್ದರಿಂದ, ಉಪ್ಪು ಹಾಕಿದ ಗಟ್ಟಿ ರಾಗಿ ಗಂಜಿಯೇ ಮೇಲು.

ವಿಟಮಿನ್ ಬಿ12 ಹೀರಲು ಬೇಕಾದ ಪ್ರೋಟೀನು ಜಠರದಲ್ಲೇ ಹುಟ್ಟುವುದರಿಂದ, ಜಠರವನ್ನು ಪೂರ್ತಿ ತೆಗೆಸಿಕೊಂಡವರಿಗೆ ಆ ವಿಟಮಿನನ್ನು ಜೀವನಪರ್ಯಂತ, ಸಾಮಾನ್ಯವಾಗಿ ಚುಚ್ಚುಮದ್ದಿನ ರೂಪದಲ್ಲಿ, ಒದಗಿಸಬೇಕಾಗುತ್ತದೆ. ಆದರೆ ಶಕ್ತಿ ಬರಲೆಂದು ಅಂಗಡಿಯಿಂದ ತಂದ ಟಾನಿಕ್ಕುಗಳನ್ನು ವೈದ್ಯರನ್ನು ಕೇಳದೆ ಕೊಡಬಾರದು, ಅವುಗಳಲ್ಲಿರುವ ಫೋಲಿಕ್ ಆಮ್ಲ ಕ್ಯಾಪೆಸಿಟಬಿನ್‌ನಂಥ ಕೀಮೋಥೆರಪಿ ಔಷಧಗಳ ವಿಷಪರಿಣಾಮವನ್ನು ಹೆಚ್ಚಿಸಬಲ್ಲದು.

ಇಷ್ಟೆಲ್ಲ ಮಾಡಿಯೂ ತೂಕ ಇಳಿಯುತ್ತಲೇ ಹೋದರೆ, ಹೊಟ್ಟೆಯ ಗೋಡೆಯ ಮೂಲಕ ಸಣ್ಣಕರುಳಿಗೆ ತೆಳುವಾದ ನಳಿಕೆಯಿಟ್ಟು ರಾತ್ರಿ ಹೊತ್ತು ನಿಧಾನವಾಗಿ ದ್ರವಾಹಾರ ಹರಿಸುವ ವಿಧಾನವಿದೆ. ನಳಿಕೆಯೆಂದರೆ ಕೊನೆಯ ಹಂತವೆಂದು ಹೆದರಿ ಇದನ್ನು ನಿರಾಕರಿಸಬೇಕಾಗಿಲ್ಲ. ಕೀಮೋಥೆರಪಿ ಮುಗಿದು ಬಾಯಿಯಿಂದ ಸಾಕಷ್ಟು ಉಣ್ಣಲು ಆದಾಗ ಅದನ್ನು ತೆಗೆದುಹಾಕಬಹುದು.