ಎಡಗಾಲಿಗೆ ಬಿಡುವು

ಮಡಿಕೇರಿಯಿಂದ ಸಂಪಾಜೆಯ ಕಡೆಗೆ ಘಾಟಿಯನ್ನಿಳಿಯುವ ಮೋಟಾರು ಚಾಲಕನ ಎಡಗಾಲಿಗೆ ವಿಶ್ರಾಂತಿ ಎಂಬುದೇ ಇಲ್ಲ. ಸಮುದ್ರಮಟ್ಟದಿಂದ 1,100 ಮೀಟರಿಗೂ ಎತ್ತರದಲ್ಲಿರುವ ಊರಿನಿಂದ ಹೊರಟ ರಸ್ತೆಯು ಒಂದು ಕಡೆ ಗುಡ್ಡವನ್ನೂ ಇನ್ನೊಂದು ಕಡೆ ಕಾಡಿನ ಕಣಿವೆಯನ್ನೂ ಇಟ್ಟುಕೊಂಡು ತಿರುತಿರುಗಿ ಕೆಳಗಿಳಿಯುತ್ತದೆ. ತಿರುವು ಬಂದಾಗಲೆಲ್ಲ ಕ್ಲಚ್ಚನ್ನು ಒತ್ತಬೇಕು; ಗೇರನ್ನು ಇಳಿಸಬೇಕು; ಮತ್ತೆ ಕ್ಲಚ್ಚನ್ನು ಹದವರಿತು ಬಿಡಬೇಕು. ಕಕ್ಕಡ ತಿಂಗಳ ಮಳೆ ಹಿಡಿದರಂತೂ ಮುಂದಿನ ತಿರುವು ಕಣ್ಣಿಗೆ ಕಾಣುವುದಕ್ಕಿಂತ ಮೊದಲು ಕೈಕಾಲುಗಳಿಗೇ ತಿಳಿದಿರಬೇಕು. ರೈಲುಹಳಿಯೇ ಇಲ್ಲದ ಕೊಡಗಿನಲ್ಲಿ ಮದುವೆಗೆ ಹೋಗುವವರಿಗೂ ಆಸ್ಪತ್ರೆಗೆ ಓಡುವವರಿಗೂ ರಸ್ತೆಯೊಂದೇ ಗತಿ. ಆದುದರಿಂದ ಇಲ್ಲಿ ಗೇರು ಹಾಕುವ ವಿದ್ಯೆ ಬರಿಯ ಷೋಕಿಯಲ್ಲ, ಪ್ರಾಣರಕ್ಷಣೆಯ ವಿದ್ಯೆ.

ಇಂಥ ಹಾದಿಯಲ್ಲಿ ಹತ್ತಿಪ್ಪತ್ತು ವರ್ಷ ಪಳಗಿದವನ ಕೈಗೆ ಕ್ಲಚ್ಚಿನ ಮೆಟ್ಟೇ ಇಲ್ಲದ ಸ್ಪೋರ್ಟ್ಸ್ ಕಾರೊಂದು ಬಂದರೆ ಏನಾಗುತ್ತದೆ? ಸುಖವಾಗುತ್ತದೆ ಎಂದು ಹೇಳುವವರೇ ಹೆಚ್ಚು. ಆದರೆ ಸುಖ ಬರುವುದಕ್ಕೆ ಮೊದಲು ಒಂದು ಗಂಡಾಂತರವನ್ನು ದಾಟಬೇಕಾಗುತ್ತದೆ. ಹೊಸ ವಿದ್ಯೆಯನ್ನು ಕಲಿಯುವುದು ಸುಲಭ. ಹಳೆಯ ರೂಢಿಯನ್ನು ಮರೆಯುವುದು ಕಷ್ಟ.

ಅರ್ಧ ಯಂತ್ರ, ಅರ್ಧ ಮನುಷ್ಯ

ಪೂರ್ಣ ಸ್ವಯಂಚಾಲಿತ ಕಾರಿನಲ್ಲಿ ಗೇರಿನ ಚಿಂತೆಯೆಲ್ಲ ಯಂತ್ರದ್ದು. ಕೈಗೇರಿನ ಕಾರಿನಲ್ಲಿ ಅದೆಲ್ಲ ಮನುಷ್ಯನದು. ಅರೆ ಸ್ವಯಂಚಾಲಿತ ಕಾರು ಇವೆರಡರ ನಡುವೆ ನಿಂತಿದೆ. ಕ್ಲಚ್ಚನ್ನು ಯಂತ್ರವೇ ನೋಡಿಕೊಳ್ಳುತ್ತದೆ. ಯಾವ ಗೇರು ಬೇಕು, ಯಾವಾಗ ಬೇಕು ಎಂಬ ತೀರ್ಮಾನ ಮಾತ್ರ ಚಾಲಕನದು.

ಜರ್ಮನಿಯ ಪೋರ್ಷೆ ಕಂಪನಿ 1967ರಲ್ಲಿ ತನ್ನ 911 ಕಾರಿಗೆ ಅಳವಡಿಸಿದ ‘ಸ್ಪೋರ್ಟೋಮ್ಯಾಟಿಕ್’ ಗೇರುಪೆಟ್ಟಿಗೆ ಈ ಜಾತಿಗೆ ಒಳ್ಳೆಯ ಉದಾಹರಣೆ. ಅದರಲ್ಲಿ ನಾಲ್ಕು ಗೇರುಗಳಿದ್ದವು; ಕ್ಲಚ್ಚಿನ ಮೆಟ್ಟು ಇರಲಿಲ್ಲ. ಗೇರಿನ ಹಿಡಿಕೆಯ ಬುಡದಲ್ಲಿ ಸಣ್ಣದೊಂದು ವಿದ್ಯುತ್ ಸ್ವಿಚ್ಚು ಅಡಗಿತ್ತು. ಚಾಲಕ ಹಿಡಿಕೆಯನ್ನು ಅಲುಗಿಸಿದೊಡನೆ ಆ ಸ್ವಿಚ್ಚು ಸೂಚನೆ ಕೊಡುತ್ತಿತ್ತು. ಎಂಜಿನ್ನಿನ ನಿರ್ವಾತದ ಬಲವು ಕ್ಲಚ್ಚನ್ನು ಎಳೆದು ಬಿಡಿಸುತ್ತಿತ್ತು. ಗೇರು ಬಿದ್ದು ಕೈ ಹಿಂದಕ್ಕೆ ಬಂದರೆ ಕ್ಲಚ್ಚು ತಾನಾಗಿ ಕೂಡಿಕೊಳ್ಳುತ್ತಿತ್ತು. ನಿಂತ ಕಾರು ಎಳೆದಾಟವಿಲ್ಲದೆ ಹೊರಡಲೆಂದು ಎಂಜಿನ್ನಿಗೂ ಕ್ಲಚ್ಚಿಗೂ ನಡುವೆ ಎಣ್ಣೆ ತುಂಬಿದ ಟಾರ್ಕ್ ಕನ್ವರ್ಟರನ್ನೂ ಇಟ್ಟಿದ್ದರು.

ಇದು ಸೋಮಾರಿಗಳ ಸಾಧನ ಎಂದು ಮೂಗು ಮುರಿದವರಿಗೆ ಉತ್ತರ ಅದೇ ವರ್ಷ ದೊರೆಯಿತು. ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್ ಪಥದಲ್ಲಿ 84 ಗಂಟೆಗಳ ಕಾಲ ಹಗಲಿರುಳೂ ನಡೆದ ‘ಮ್ಯಾರಥಾನ್ ದ ಲಾ ರೂಟ್’ ಓಟದಲ್ಲಿ ವಿಕ್ ಎಲ್ಫೋರ್ಡ್, ಹಾನ್ಸ್ ಹೆರ್ಮನ್, ಯೋಖೆನ್ ನೀರ್‌ಪಾಶ್ ಎಂಬ ಮೂವರು ಇಂಥದೇ ಗೇರುಪೆಟ್ಟಿಗೆಯ 911 ಆರ್ ಕಾರನ್ನು ಓಡಿಸಿ ಗೆದ್ದರು.

ಬೆಟ್ಟವಿಳಿಯುವಾಗಿನ ಪರೀಕ್ಷೆ

ಇನ್ನು ಕಷ್ಟದ ಮಾತು. ಕೈಗೇರಿನ ಕಾರನ್ನು ಓಡಿಸಿದ ಅನೇಕರಿಗೆ ಎಡಗೈಯನ್ನು ಗೇರಿನ ಹಿಡಿಕೆಯ ಮೇಲೆ ಇಟ್ಟುಕೊಂಡೇ ಇರುವ ಅಭ್ಯಾಸವುಂಟು. ಸಾಮಾನ್ಯ ಕಾರಿನಲ್ಲಿ ಇದರಿಂದ ಒಡನೆ ಕೇಡಿಲ್ಲ. ಸ್ಪೋರ್ಟೋಮ್ಯಾಟಿಕ್‌ನಂಥ ಕಾರಿನಲ್ಲಿಯಾದರೋ ಹಿಡಿಕೆಯ ಮೇಲೆ ಕೈಯ ಭಾರ ಬಿದ್ದರೆ ಸಾಕು, ಕ್ಲಚ್ಚು ಬಿಟ್ಟುಕೊಳ್ಳಬಹುದು. ಎಂಜಿನ್ನಿಗೂ ಚಕ್ರಕ್ಕೂ ಇದ್ದ ನಂಟು ಆ ಕ್ಷಣವೇ ಕಡಿದಂತಾಯಿತು.

ಸಮನಾದ ರಸ್ತೆಯಲ್ಲಿ ಎಂಜಿನ್ನು ಒಮ್ಮೆ ಗರ್ಜಿಸಿ ಚಾಲಕನನ್ನು ನಾಚಿಸುತ್ತದೆ, ಅಷ್ಟೆ. ಘಾಟಿಯ ಇಳಿಜಾರಿನಲ್ಲಿ ಅದು ನಗುವ ಸಂಗತಿಯಲ್ಲ. ಕೆಳಗಿಳಿಯುವ ಕಾರನ್ನು ತಡೆಯುವುದು ಬ್ರೇಕೊಂದೇ ಅಲ್ಲ. ಕೆಳಗೇರಿನಲ್ಲಿ ಹಿಡಿದಿಟ್ಟ ಎಂಜಿನ್ನೂ ತಡೆಯುತ್ತದೆ. ಆ ಹಿಡಿತ ತಪ್ಪಿದೊಡನೆ ಕಾರು ಹಗುರಾಗಿ ಮುಂದಕ್ಕೆ ನುಗ್ಗುತ್ತದೆ. ಎಲ್ಲ ಭಾರವೂ ಬ್ರೇಕಿನ ಮೇಲೆ ಬೀಳುತ್ತದೆ. ಮೈಲಿಗಟ್ಟಲೆ ಬ್ರೇಕನ್ನೇ ಒತ್ತುತ್ತ ಬಂದರೆ ಅದು ಕಾದು ಕಸುವು ಕಳೆದುಕೊಳ್ಳುತ್ತದೆ. ಟಾರ್ಕ್ ಕನ್ವರ್ಟರ್ ಇರುವ ಕಾರಿನಲ್ಲಿ ಎಣ್ಣೆಯ ಜಾರಾಟದಿಂದ ಎಂಜಿನ್ನಿನ ತಡೆ ಮೊದಲೇ ಸ್ವಲ್ಪ ಸಡಿಲ. ಆದುದರಿಂದ ರೂಢಿಗಿಂತ ಒಂದು ಗೇರು ಕೆಳಗಿಟ್ಟುಕೊಂಡು, ತಿರುವಿಗೆ ಮೊದಲೇ ಬದಲಿಸಿ, ಕೈಯನ್ನು ಹಿಡಿಕೆಯಿಂದ ತೆಗೆದುಬಿಡುವುದೇ ಕ್ಷೇಮ.

ಎರಡನೆಯ ಶತ್ರು ಎಡಗಾಲು. ಅದು ಕ್ಲಚ್ಚನ್ನು ಕಡೆಯವರೆಗೆ ಒತ್ತಿಯೇ ಬೆಳೆದದ್ದು. ನಯವಾಗಿ ಒತ್ತುವುದನ್ನು ಕಲಿತದ್ದು ಬಲಗಾಲು ಮಾತ್ರ. ಗಾಬರಿಯ ವೇಳೆಯಲ್ಲಿ ಎಡಗಾಲು ಕ್ಲಚ್ಚನ್ನು ಹುಡುಕಿ ಹೋಗಿ ಅಗಲವಾದ ಬ್ರೇಕಿನ ಮೆಟ್ಟನ್ನು ತುಳಿದರೆ, ಕಾರು ಗಕ್ಕನೆ ನಿಂತು ಒಳಗಿರುವ ಹೆಂಡತಿ ಮಕ್ಕಳು ಮುಂದಕ್ಕೆ ಮುಗ್ಗರಿಸುತ್ತಾರೆ. ಹಸಿಯಾದ ರಸ್ತೆಯ ತಿರುವಿನಲ್ಲಿ ಚಕ್ರ ಜಾರುವುದೂ ಉಂಟು. ಎಡಪಾದವನ್ನು ದೂರ ಸರಿಸಿ ನೆಲಕ್ಕೆ ಊರಿ, ಬ್ರೇಕಿಗೂ ಆಕ್ಸಿಲರೇಟರಿಗೂ ಬಲಗಾಲೊಂದನ್ನೇ ಬಳಸುವುದು ಮೊದಲ ಪಾಠ.

ಮೂರನೆಯದು ಆಕ್ಸಿಲರೇಟರಿನ ಸಂಗತಿ. ಕ್ಲಚ್ಚಿನ ಮೆಟ್ಟು ಇಲ್ಲವೆಂದ ಮಾತ್ರಕ್ಕೆ ಬಲಗಾಲನ್ನು ಒತ್ತಿಕೊಂಡೇ ಗೇರು ಎಳೆಯಲಾಗದು. ಬದಲಿಸುವ ಗಳಿಗೆಯಲ್ಲಿ ಪಾದವನ್ನು ತುಸು ಎತ್ತಬೇಕು. ಇಲ್ಲವಾದರೆ ಹೊರೆಯಿಲ್ಲದ ಎಂಜಿನ್ನು ಕಿರುಚುತ್ತದೆ, ಕ್ಲಚ್ಚು ಸವೆಯುತ್ತದೆ.

ಕಲಿತವರ ಕಥೆ

ಈ ತೊಡಕು ಹೆಸರಾಂತ ಓಟಗಾರರನ್ನೂ ಬಿಟ್ಟಿಲ್ಲ. ಇಟಲಿಯ ಟಾಟ್ಸಿಯೊ ನುವೊಲಾರಿ 1933ರಲ್ಲಿ ಉತ್ತರ ಐರ್ಲೆಂಡಿನ ಆರ್ಡ್ಸ್ ಪಥದಲ್ಲಿ ಟೂರಿಸ್ಟ್ ಟ್ರೋಫಿಗಾಗಿ ಎಂ.ಜಿ. ಕೆ-3 ಕಾರನ್ನು ಏರಿದರು. ಅದರಲ್ಲಿದ್ದುದು ಮುಂಗಡ ಆಯ್ಕೆಯ ಗೇರುಪೆಟ್ಟಿಗೆ: ಬೇಕಾದ ಗೇರನ್ನು ಸಣ್ಣ ಹಿಡಿಕೆಯಿಂದ ಮೊದಲೇ ಗುರುತಿಸಿಟ್ಟು, ಅದು ಬೇಕಾದ ಗಳಿಗೆಯಲ್ಲಿ ಎಡಗಾಲಿನ ಮೆಟ್ಟನ್ನು ಒತ್ತಬೇಕು. ಅವರಿಗೆ ಅದು ಹೊಸದು. ಆದರೂ ಅಭ್ಯಾಸದ ಕೆಲವೇ ಸುತ್ತುಗಳಲ್ಲಿ ಅದನ್ನು ವಶಪಡಿಸಿಕೊಂಡು ಓಟವನ್ನೇ ಗೆದ್ದರು. ಕೈ ಮಾಡುವುದಕ್ಕಿಂತ ಮುಂಚೆ ಮನಸ್ಸು ತೀರ್ಮಾನಿಸಬೇಕು ಎಂಬುದೇ ಆ ಗೇರುಪೆಟ್ಟಿಗೆಯ ಗುಟ್ಟು.

ಇನ್ನೊಂದು ಪ್ರಸಂಗ 1989ರದು. ಫೆರಾರಿ ಕಂಪನಿಯು ಗೇರಿನ ಹಿಡಿಕೆಯನ್ನೇ ತೆಗೆದುಹಾಕಿ, ಸ್ಟಿಯರಿಂಗ್ ಚಕ್ರದ ಹಿಂದೆ ಎರಡು ಪಟ್ಟಿಗಳನ್ನು ಇಟ್ಟು, ಬೆರಳಿನಿಂದಲೇ ಗೇರು ಬದಲಿಸುವ ಓಟದ ಕಾರನ್ನು ತಯಾರಿಸಿತು. ಪರೀಕ್ಷೆಯಲ್ಲಿ ಅದು ಮತ್ತೆ ಮತ್ತೆ ಕೆಟ್ಟು ನಿಲ್ಲುತ್ತಿತ್ತು. ಬ್ರೆಜಿಲ್ ದೇಶದ ಮೊದಲ ಓಟದ ದಿನ, ಕಾರು ಕಡೆಯವರೆಗೆ ಓಡೀತೆಂಬ ನಂಬಿಕೆಯಿಲ್ಲದೆ ನೈಜೆಲ್ ಮ್ಯಾನ್ಸೆಲ್ ಊರಿಗೆ ಹಿಂದಿರುಗಲು ಬೇಗನೆ ಹೊರಡುವ ವಿಮಾನವನ್ನು ಗೊತ್ತುಮಾಡಿಕೊಂಡಿದ್ದರಂತೆ. ಗೆದ್ದವರು ಅವರೇ! ಆ ಪಟ್ಟಿಗಳು ಈಗ ರಸ್ತೆಯ ಕಾರುಗಳಿಗೂ ಬಂದಿವೆ. ಸಾಮಾನ್ಯವಾಗಿ ಬಲಬದಿಯ ಪಟ್ಟಿ ಗೇರನ್ನು ಏರಿಸುತ್ತದೆ, ಎಡಬದಿಯದು ಇಳಿಸುತ್ತದೆ. ಕೆಲವು ಕಾರುಗಳಲ್ಲಿ ಅವು ಚಕ್ರದೊಡನೆಯೇ ತಿರುಗುವುದರಿಂದ, ಘಾಟಿಯ ಕಡಿದಾದ ತಿರುವಿನ ನಟ್ಟನಡುವೆ ಬಲ ಯಾವುದು ಎಡ ಯಾವುದು ಎಂದು ಬೆರಳು ತಡಕಾಡುತ್ತದೆ. ಚಕ್ರ ನೇರವಾಗಿರುವಾಗಲೇ ಗೇರನ್ನು ಇಳಿಸಿಕೊಳ್ಳುವುದು ಇದಕ್ಕೆ ಮದ್ದು.

ಮನೆಯ ಬಾಗಿಲಿಗೆ ಬಂದ ವಿದ್ಯೆ

ಇದು ಸಿರಿವಂತರ ಕಾರಿನ ಮಾತೆಂದು ಕಡೆಗಣಿಸುವಂತಿಲ್ಲ. ಭಾರತದಲ್ಲಿ 2014ರಲ್ಲಿ ಮಾರುತಿ ಸೆಲೆರಿಯೊ, ಕ್ಲಚ್ಚನ್ನೂ ಗೇರನ್ನೂ ಯಂತ್ರವೇ ನಡೆಸುವ ವ್ಯವಸ್ಥೆಯನ್ನು ಸಾಮಾನ್ಯ ಸಂಸಾರಗಳ ಕೈಗೆ ತಂದಿತು. ಬೇಕೆಂದಾಗ ಚಾಲಕನೇ ಗೇರನ್ನು ಆರಿಸಿಕೊಳ್ಳಲೂ ಅದರಲ್ಲಿ ಅವಕಾಶವಿತ್ತು. 2020ರಲ್ಲಿ ಹ್ಯುಂಡೈ ವೆನ್ಯೂ, ಗೇರಿನ ಹಿಡಿಕೆಯನ್ನು ಉಳಿಸಿಕೊಂಡು ಕ್ಲಚ್ಚಿನ ಮೆಟ್ಟನ್ನು ಮಾತ್ರ ತೆಗೆದ ಮಾದರಿಯನ್ನು ಹೊರತಂದಿತು. ನಿರ್ವಾತದ ಬದಲು ವಿದ್ಯುನ್ಮಾನವಿದ್ದರೂ ತತ್ವ 1967ರದೇ. ರಜೆಯ ದಿನ ಬೆಂಗಳೂರಿನಿಂದ ಮಡಿಕೇರಿಗೆ ಬರುವ ಕುಟುಂಬಕ್ಕೂ ಈಗ ಇದೇ ಪಾಠ ಬೇಕು.

ಅದನ್ನು ಕಲಿಯಲು ಘಾಟಿಯೇ ಮೊದಲ ಪಾಠಶಾಲೆಯಾಗಬಾರದು. ಕುಶಾಲನಗರದ ಕಡೆಯ ಸಮತಟ್ಟು ರಸ್ತೆಯಲ್ಲಿ, ವಾಹನಗಳು ವಿರಳವಾದ ಹೊತ್ತಿನಲ್ಲಿ, ಕಾಲು ತಾನಾಗಿ ಸುಮ್ಮನಿರುವವರೆಗೆ ಓಡಿಸಿ ನೋಡಬೇಕು. ಆಮೇಲೆ ಏರನ್ನು ಹತ್ತಬೇಕು; ಏರಿನಲ್ಲಿ ನಿಂತು ಹೊರಡುವಾಗ ಕಾರು ಹಿಂದಕ್ಕೆ ಸರಿಯದಂತೆ ಕೈಬ್ರೇಕನ್ನು ನೆಚ್ಚಬೇಕು. ಇಳಿಜಾರು ಎಲ್ಲಕ್ಕೂ ಕಡೆಯದು.

ಯಂತ್ರವು ಮನುಷ್ಯನ ಕಾಲಿನ ಕೆಲಸವನ್ನು ವಹಿಸಿಕೊಂಡೀತು. ಮುಂದಿನ ತಿರುವಿಗೆ ಯಾವ ಗೇರು ತಕ್ಕುದೆಂಬ ವಿವೇಕವನ್ನು ಅದು ಇನ್ನೂ ಚಾಲಕನ ಬಳಿಯೇ ಬಿಟ್ಟಿದೆ. ಸಂಪಾಜೆಯನ್ನು ಮುಟ್ಟಿ ಕಾರು ನಿಂತಾಗ, ಹಿಂದಿನ ಸೀಟಿನ ಮಗು ಇನ್ನೂ ನಿದ್ದೆಯಲ್ಲಿದ್ದರೆ, ಎಡಗಾಲು ತನ್ನ ಹೊಸ ಪಾಠವನ್ನು ಕಲಿತಿದೆ ಎಂದು ತಿಳಿಯಬಹುದು.